ಏನೂ ಆಗದ ಪುಸ್ತಕ

ಆ ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟಾಗ ಗೆಳತಿ ಹೇಳಿದ್ದು ಇಷ್ಟೆ: "ಇದರಲ್ಲಿ ಏನೂ ಆಗಲ್ಲ. ಧೈರ್ಯವಾಗಿ ಓದು."

ಸೇಲಂನ ಒಂದು ಕಾಲೇಜಿನಲ್ಲಿ ಅವಳು ಇಂಗ್ಲಿಷ್ ಪಾಠ ಮಾಡುತ್ತಾಳೆ, ನಾನು ಕಾಮರ್ಸ್. ನಾವು ಮಾತಾಡುವುದು ತಮಿಳಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ನನ್ನ ಮನೆಮಾತು ಕನ್ನಡವೇ ಆದರೂ ಅದನ್ನು ಓದಿ ಬರೆಯಲು ಕಲಿತದ್ದು ಮೈಸೂರಿನಲ್ಲಿ ಎಂ.ಕಾಂ. ಮಾಡುವಾಗ, ಹಾಸ್ಟೆಲಿನ ಹುಡುಗಿಯರಿಂದ. ಧರ್ಮಪುರಿ ಜಿಲ್ಲೆಯಲ್ಲಿ ಕಂಬೈನಲ್ಲೂರಿಗೂ ಮೊರಪ್ಪೂರಿಗೂ ನಡುವೆ ಇರುವ ನಮ್ಮ ಊರಿನಲ್ಲಿ ಕನ್ನಡ ಬಾಯಲ್ಲಿ ಮಾತ್ರ ಇದೆ. ಗೋಡೆಯ ಮೇಲೆ, ಬಸ್ಸಿನ ಮೇಲೆ, ಪುಸ್ತಕದಲ್ಲಿ ಎಲ್ಲೂ ಇಲ್ಲ.

ಗೆಳತಿ ಧೈರ್ಯದ ಮಾತು ಎತ್ತಿದ್ದಕ್ಕೆ ಕಾರಣವಿತ್ತು. ಅದಕ್ಕೆ ಕೆಲವು ವಾರ ಮೊದಲು, ಒಂದು ಶನಿವಾರ ಬೆಳಿಗ್ಗೆ, ನಾನು ಎಂದಿನಂತೆ ಊರಿಗೆ ಹೋಗಿದ್ದೆ. ಊರು ಎಂದರೆ ಚಿಕ್ಕವ್ವನ ಮನೆ. ಅವಳು ನನ್ನ ತಾಯಿಯ ತಂಗಿ. ತಾಯಿ ಹೋದ ಮೇಲೆ ನಾನು ಬೆಳೆದದ್ದು ಅವಳ ಹತ್ತಿರ. ಅವಳಿಗೆ ಒಂದು ಕುರಿಮಂದೆ ಇದೆ. ಊರು ರೈಲು ಹಳಿಯ ಒಂದು ಕಡೆ, ಕುರಿ ಮೇಯುವ ಬಯಲು ಮತ್ತು ಬಸ್‌ಸ್ಟಾಪು ಇನ್ನೊಂದು ಕಡೆ. ಮೊದಲು ಅಲ್ಲೊಂದು ಗೇಟಿತ್ತು. ಈಗ ಗೇಟು ತೆಗೆದು ಹಳಿಯ ಕೆಳಗೆ ಸಬ್‌ವೇ ಮಾಡಿದ್ದಾರೆ. ಮಳೆ ಬಿದ್ದರೆ ಸಬ್‌ವೇಯಲ್ಲಿ ನೀರು ನಿಲ್ಲುತ್ತದೆ. ಜನ ಸೀರೆ, ಪಂಚೆ ಎತ್ತಿಕೊಂಡು ದಾಟುತ್ತಾರೆ. ಕುರಿ ದಾಟುವುದಿಲ್ಲ. ನಿಂತ ನೀರು ಕಂಡರೆ ಕುರಿ ಮುಂದೆ ಹೆಜ್ಜೆ ಇಡುವುದೇ ಇಲ್ಲ. ಅದಕ್ಕೇ ಮಳೆಗಾಲದಲ್ಲಿ ಚಿಕ್ಕವ್ವ ಮಂದೆಯನ್ನು ಹಳಿಯ ಮೇಲೆಯೇ ದಾಟಿಸುತ್ತಿದ್ದಳು. ಊರಿನ ಎಲ್ಲರೂ ಹಾಗೇ ಮಾಡುತ್ತಿದ್ದರು.

ಬೇರೆಯವರು ಮಂದೆಯ ಹಿಂದೆ ಕೋಲು ಹಿಡಿದು ನಡೆಯುತ್ತಾರೆ. ಚಿಕ್ಕವ್ವ ಮುಂದೆ ನಡೆಯುತ್ತಾಳೆ. ಕುರಿಯನ್ನು ಅಟ್ಟಬಾರದು, ಕರೆಯಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಬಿಸಿಲಿರಲಿ ಮಳೆಯಿರಲಿ ಕರೀ ಕೊಡೆ ಬಿಡಿಸಿಕೊಂಡು, ನಾಲಗೆಯಲ್ಲಿ ಟ್ರ್‌ರ್‌ರ್ ಎಂದು ಸದ್ದು ಮಾಡುತ್ತ ಅವಳು ಹೋಗುತ್ತಿದ್ದರೆ ಕೊಡೆ ಹೋದ ಕಡೆಗೆ ಇಡೀ ಮಂದೆ ಹೋಗುತ್ತದೆ.

ಆ ದಿನ ನಾನು ಬಸ್ಸಿಳಿದು ಹಳಿಯ ಹತ್ತಿರ ಬರುವ ಹೊತ್ತಿಗೆ ಅವಳು ಅರ್ಧ ಮಂದೆಯೊಂದಿಗೆ ಹಳಿ ದಾಟಿ ನನ್ನ ಕಡೆಗೆ ಬಂದಾಗಿತ್ತು. ಇನ್ನರ್ಧ ಆಚೆ ದಿಬ್ಬದ ಮೇಲೆ ಏನೋ ಬಳ್ಳಿ ತಿನ್ನುತ್ತ ನಿಂತುಬಿಟ್ಟಿತ್ತು. ಅವನ್ನು ಕರೆಯಲು ಚಿಕ್ಕವ್ವ ತಿರುಗಿ ಹಳಿಯ ಮೇಲೆ ಹೋದಳು. ಕೊಡೆ ತಿರುಗಿತು ಎಂದು, ಆಗಲೇ ದಾಟಿ ಬಂದಿದ್ದ ಕುರಿಗಳೆಲ್ಲ ಅವಳ ಹಿಂದೆ ಮತ್ತೆ ಹಳಿಯ ಮೇಲೆ ಹೋದವು. ಆಗ ಹಾರ್ನ್ ಕೇಳಿಸಿತು.

ನಾನು "ಇತ್ಲಾಗೆ ಬಾ, ಇತ್ಲಾಗೆ" ಎಂದು ಕೂಗಿದೆ. ಅವಳು ನನ್ನನ್ನು ನೋಡಿದಳು. ನೋಡಿ, ಆ ಕಡೆಗೆ ಓಡಿದಳು. ಕುರಿಗಳು ಅವಳ ಹಿಂದೆ ಓಡಿದವು. ಗೂಡ್ಸ್ ಗಾಡಿ ನಮ್ಮಿಬ್ಬರ ನಡುವೆ ಬಂತು.

ಗೂಡ್ಸ್ ಗಾಡಿ ಎಷ್ಟು ಉದ್ದವಿರುತ್ತದೆ ಎಂದು ನಾನು ಮೊದಲು ಯೋಚಿಸಿರಲಿಲ್ಲ. ಒಂದು ಡಬ್ಬಿ ಹೋಗುತ್ತದೆ, ಇನ್ನೊಂದು ಬರುತ್ತದೆ. ಚಕ್ರಗಳ ಸಂದಿಯಲ್ಲಿ ಆಚೆ ಕುರಿಗಳ ಕಾಲು ಕಾಣುತ್ತಿತ್ತು. ಸೀರೆಯ ಅಂಚು ಕಾಣುತ್ತದೆಯೇ ಎಂದು ನೋಡಿದೆ. ಕಾಣಲಿಲ್ಲ. ಗಾಡಿ ಮುಗಿದ ಮೇಲೆ ನೋಡಿದರೆ ಅವಳು ದಿಬ್ಬದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು, ಸುತ್ತ ಮಂದೆ ಒತ್ತಿಕೊಂಡು ನಿಂತಿತ್ತು. ಎರಡು ಕುರಿ ಹೋಗಿದ್ದವು. ಕೊಡೆ ಹೋಗಿತ್ತು. ಅವಳು ಎದ್ದು, ಹಳಿ ದಾಟಿ ನನ್ನ ಹತ್ತಿರ ಬಂದು, "ಉಂಡ್ಯಾ?" ಎಂದು ಕೇಳಿದಳು.

ಅಷ್ಟೇ ಆದದ್ದು. ಆದರೆ ಅದಾದ ಮೇಲೆ ನನಗೆ ಪಾಠದ ನಡುವೆ, ಬಟ್ಟೆ ಒಗೆಯುವಾಗ, ಯಾವಾಗೆಂದರೆ ಆವಾಗ, ಆ ಗಾಡಿ ಮತ್ತೆ ಬರುತ್ತಿತ್ತು. ಡಬ್ಬಿ, ಸಂದಿ, ಡಬ್ಬಿ, ಸಂದಿ. ಪೇಪರ್ ಓದುವುದನ್ನು ಬಿಟ್ಟೆ. ಸೀರಿಯಲ್ ನೋಡುವುದನ್ನು ಬಿಟ್ಟೆ. ಊರಿಗೆ ರೈಲಿನಲ್ಲಿ ಹೋಗುವುದನ್ನು ಬಿಟ್ಟೆ, ಆಮೇಲೆ ಊರಿಗೆ ಹೋಗುವುದನ್ನೇ ಬಿಟ್ಟೆ. ಅದನ್ನೆಲ್ಲ ನೋಡಿ ಗೆಳತಿ ಆ ಪುಸ್ತಕ ತಂದಿದ್ದಳು.

ಅದು ಜಪಾನಿ ಕಾದಂಬರಿ, ಇಂಗ್ಲಿಷಿಗೆ ಅನುವಾದವಾದದ್ದು. ಇಂಥ ಪುಸ್ತಕಗಳು ಈಗ ರೈಲ್ವೇ ಸ್ಟೇಷನ್ನಿನ ಅಂಗಡಿಯಲ್ಲೂ ಸಿಗುತ್ತವೆ. ಮುಖಪುಟದಲ್ಲಿ ಒಂದು ಕಿಟಕಿ, ಒಂದು ಬೆಕ್ಕು, ಒಂದು ಬಟ್ಟಲು ಇರುತ್ತವೆ. ಇದರಲ್ಲಿ ಒಂದು ಗಲ್ಲಿ, ಗಲ್ಲಿಯಲ್ಲಿ ಕೊಡೆ ರಿಪೇರಿ ಅಂಗಡಿ. ಆಫೀಸು ಕೆಲಸ ಬಿಟ್ಟ ಒಬ್ಬ ಹೆಂಗಸು ಅಲ್ಲಿ ಕೆಲಸಕ್ಕೆ ಸೇರುತ್ತಾಳೆ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಕೊಡೆ ಬರುತ್ತದೆ. ಕೊಡೆ ತಂದವರು ತಮ್ಮ ಕಥೆ ಹೇಳುತ್ತಾರೆ, ಸೂಪು ಕುಡಿಯುತ್ತಾರೆ, ರಿಪೇರಿಯಾದ ಕೊಡೆ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಅಂಗಡಿಯ ಬೆಕ್ಕು ಬುಟ್ಟಿಯಲ್ಲಿ ಮಲಗಿರುತ್ತದೆ. ಚಿಕ್ಕವ್ವನ ಕೊಡೆಯ ವಿಷಯ ಗೆಳತಿಗೆ ನಾನು ಹೇಳಿರಲಿಲ್ಲ. ಅಂಗಡಿಯಲ್ಲಿ ಅವಳಿಗೆ ಇದೇ ಸಿಕ್ಕಿದ್ದು, ಅಷ್ಟೆ.

ತಿಂಗಳಿಗೊಮ್ಮೆ ಗೆಳತಿಯ ಮನೆಯ ಮಹಡಿಯಲ್ಲಿ ನಾವು ಕೆಲವರು ಕೂತು ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಆ ತಿಂಗಳು ಇದೇ ಪುಸ್ತಕ ಎಂದು ಅವಳು ಮೊದಲೇ ಗೊತ್ತು ಮಾಡಿಬಿಟ್ಟಿದ್ದಳು. ಮಹಡಿಯ ಕೆಳಗೆ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಕಾರ್ಖಾನೆ. ಸಣ್ಣ ಸುತ್ತಿಗೆಗಳ ಟಿಕ್‌ಟಿಕ್ ನಿಲ್ಲದೆ ಕೇಳುತ್ತಿರುತ್ತದೆ. ತಾರಮಂಗಲಂನಿಂದ ಟೌನ್ ಬಸ್ಸಿನಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು ಬರುತ್ತಾರೆ. ಅವರಿಗೆ ಎಪ್ಪತ್ತು ದಾಟಿದೆ, ಪುಸ್ತಕದ ಮೇಲೆ ಸಿಟ್ಟು ಬಂದರೆ ಪ್ರಾಯ ಬರುತ್ತದೆ.

ಕೂರುವ ಮೊದಲೇ ಅವರು ಶುರು ಮಾಡಿದರು. "ಏನಮ್ಮಾ ಇದು? ಸೂಪ್ ಕುಡಿದ್ರು, ಮಳೆ ಬಂತು, ಸೂಪ್ ಕುಡಿದ್ರು. ನನಗೆ ಶುಗರ್ ಇದೆ, ಬಿ.ಪಿ. ಇದೆ, ನಿದ್ದೆ ಮಾತ್ರೆ ಬೇಡ ಅಂತ ಡಾಕ್ಟ್ರು ಹೇಳಿದ್ದಾರೆ."

"ಸಾರ್, ಪೂರ್ತಿ ಓದಿದ್ರಾ?" ಗೆಳತಿ ಕೇಳಿದಳು.

"ಓದಿದೆ. ಕೊನೇ ಪುಟದಲ್ಲಾದ್ರೂ ಅಂಗಡಿಗೆ ಬೆಂಕಿ ಬೀಳುತ್ತೆ ಅಂತ ಕಾದೆ. ಹೊಸ ಪರದೆ ಹಾಕಿದ್ರು!"

"ನಿಮಗೆ ಬೆಂಕಿ ಬೀಳಲೇಬೇಕಾ?"

"ಮನುಷ್ಯರಿದ್ದ ಕಡೆ ಏನಾದ್ರೂ ಬೀಳುತ್ತಮ್ಮಾ. ಆ ಊರಲ್ಲಿ ಯಾರಿಗೂ ಜ್ವರ ಬರಲ್ವಾ? ಯಾವ ಗಂಡನೂ ಕುಡಿದು ಬರಲ್ವಾ? ಕಷ್ಟವನ್ನೆಲ್ಲ ಗುಡಿಸಿ ಬಾಗಿಲ ಹೊರಗೆ ಹಾಕಿ, ಆಮೇಲೆ ನೋಡು ಎಷ್ಟು ಶಾಂತಿ ಅಂದ್ರೆ? ಇದು ಸುಳ್ಳು."

ಗೆಳತಿಗೆ ರೇಗಿತು. ಅವಳ ಅತ್ತೆಗೆ ಲಕ್ವ ಹೊಡೆದು ನಾಲ್ಕು ವರ್ಷವಾಯಿತು. ಬೆಳಿಗ್ಗೆ ಅತ್ತೆಯ ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಕಾಲೇಜಿಗೆ ಬರುತ್ತಾಳೆ. "ಸಾರ್, ಕಷ್ಟ ನಮ್ಮನೇಲೇ ಬೇಕಾದಷ್ಟಿದೆ, ಪುಸ್ತಕದಲ್ಲಿ ಹುಡುಕೋಕೆ ನನಗೆ ಪುರುಸೊತ್ತಿಲ್ಲ. ಆ ಹೆಂಗಸು ಕೊಡೆಯ ಕಡ್ಡಿಗೆ ದಾರ ಕಟ್ಟೋದನ್ನ ಎರಡು ಪುಟ ಬರೆದಿದ್ದಾರೆ. ಆ ಎರಡು ಪುಟ ನನ್ನನ್ನ ಯಾರೂ ಕರೆಯಲಿಲ್ಲ. ಯಾರೋ ತಲೆ ಮೇಲೆ ಕೈ ಇಟ್ಟ ಹಾಗಾಯ್ತು. ಅಳು ಬಂತು."

"ದಾರ ಕಟ್ಟಿದ್ದಕ್ಕಾ?"

"ಹೌದು ಸಾರ್, ದಾರ ಕಟ್ಟಿದ್ದಕ್ಕೇ. ನೀವು ಅಳಬೇಡಿ, ವಡೆ ತಿನ್ನಿ."

ಮೇಷ್ಟ್ರು ವಡೆ ತೆಗೆದುಕೊಂಡು ನನ್ನ ಕಡೆ ತಿರುಗಿದರು. "ನೀನೇನಮ್ಮಾ ಬಾಯೇ ಬಿಡಲ್ಲ? ನಿದ್ದೆ ಬಂತಾ, ಅಳು ಬಂತಾ?"

ಎರಡೂ ಬಂದಿರಲಿಲ್ಲ. ನನಗೆ ಹೆದರಿಕೆ ಬಂದಿತ್ತು. ಆ ಪುಸ್ತಕವನ್ನು ನಾನು ಓದಿದ್ದು ಪತ್ತೇದಾರಿ ಕಾದಂಬರಿ ಓದುವ ಹಾಗೆ. ಸೂಪಿನ ಪಾತ್ರೆ ಒಲೆಯ ಮೇಲೆ ಇಟ್ಟರು ಎಂದರೆ ಅದು ಮಗುವಿನ ಮೇಲೆ ಚೆಲ್ಲುತ್ತದೆ ಎಂದುಕೊಳ್ಳುತ್ತಿದ್ದೆ. ಮುದುಕ ಏಣಿ ಹತ್ತಿದ ಎಂದರೆ ಪುಸ್ತಕದಿಂದ ಕಣ್ಣು ತೆಗೆಯುತ್ತಿದ್ದೆ. ಹೀಗೇ ಓದುತ್ತ ಹೋದೆ. ಬೆಕ್ಕು ಬುಟ್ಟಿಯಿಂದ ಇಳಿದು ದೊಡ್ಡ ರಸ್ತೆಯ ಅಂಚಿಗೆ ಬಂದು, ಆಚೆಯ ಮೀನಿನಂಗಡಿಯನ್ನು ನೋಡುತ್ತ ನಿಂತಿತು ಎನ್ನುವಲ್ಲಿ ಒಂದು ಪುಟ ಮುಗಿಯುತ್ತದೆ. ಆ ಪುಟವನ್ನು ನಾನು ತಿರುಗಿಸಿರಲಿಲ್ಲ.

"ಬೆಕ್ಕಿಗೆ ಏನಾದ್ರೂ ಆಗುತ್ತಾ?" ಎಂದು ಕೇಳಿದೆ.

ಇಬ್ಬರೂ ನಕ್ಕರು. "ಏನೂ ಆಗಲ್ಲಮ್ಮಾ, ಅದೇ ನನ್ನ ದೂರು" ಎಂದರು ಮೇಷ್ಟ್ರು. ಗೆಳತಿ ಮಾತ್ರ ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ಇಬ್ಬರು ಓದಿ ಮುಗಿಸಿದವರು, ಒಬ್ಬರನ್ನೊಬ್ಬರು ಯಾವುದಕ್ಕೂ ಒಪ್ಪದವರು, ಒಂದೇ ಮಾತು ಹೇಳುತ್ತಿದ್ದರು. ಆದರೂ ನನಗೆ ನಂಬಿಕೆ ಬರಲಿಲ್ಲ. ಕೆಳಗಿನ ಸುತ್ತಿಗೆಗಳು ಟಿಕ್‌ಟಿಕ್ ಎನ್ನುತ್ತಲೇ ಇದ್ದವು.

ಮುಂದಿನ ವಾರ ತಮ್ಮ ಫೋನ್ ಮಾಡಿದ. ಅವನು ಚಿಕ್ಕವ್ವನ ಮಗ, ಸಾಬಕ್ಕಿ ಮಾಡುವ ಜವ್ವರಿಸಿ ಮಿಲ್ಲಿನ ವ್ಯಾನ್ ಓಡಿಸುತ್ತಾನೆ. ನಾವಿಬ್ಬರು ಮಾತಾಡುವಾಗ ಅವನು ಅರ್ಧ ತಮಿಳು, ನಾನು ಅರ್ಧ ಕನ್ನಡ.

"ಅಕ್ಕಾ, ಭಾನುವಾರ ಕುರಿ ವ್ಯಾಪಾರಿ ಬತ್ತಾನೆ. ಮೊತ್ತಮಾ, ಇಡೀ ಮಂದೆ ತಗೊಂಡೋಯ್ತಾನಂತೆ. ಅವ್ವ ಊ ಅನ್ನಲ್ಲ, ಊಹೂಂ ಅನ್ನಲ್ಲ. ಅವತ್ತಿಂದ ಕುರಿ ಆಚೆಗೇ ಬಿಟ್ಟಿಲ್ಲ, ಸೊಪ್ಪು ಕೊಯ್ದು ಕೊಯ್ದು ಕೊಟ್ಟಿಗೇಲೇ ಹಾಕ್ತಾವ್ಳೆ. ನೀನು ಬಂದು ಒಂದು ಮಾತು ಏಳು."

"ಏನು ಹೇಳಲಿ?"

"ಕೊಟ್ಬುಡು ಅನ್ನು. ನೀನೇ ಕಣ್ಣಾರೆ ಕಂಡಿದ್ಯಲ್ಲ."

ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ. ಮಂದೆ ಹೋದರೆ ಹಳಿಯ ಮೇಲೆ ಹೋಗುವ ಕೆಲಸವೇ ಇರುವುದಿಲ್ಲ, ನನ್ನ ತಲೆಯೊಳಗೆ ಓಡುವ ಗೂಡ್ಸ್ ಗಾಡಿಯೂ ನಿಲ್ಲುತ್ತದೆ ಎಂದುಕೊಂಡೆ. ಶನಿವಾರ ಹೊರಟೆ. ರೈಲಿನಲ್ಲಿ ಹೋಗಿ ಮೊರಪ್ಪೂರಿನಲ್ಲಿ ಇಳಿದರೆ ಹತ್ತಿರ. ನಾನು ಧರ್ಮಪುರಿಯ ಮೇಲೆ ಎರಡು ಬಸ್ಸು ಬದಲಿಸಿ, ಸುತ್ತಿಕೊಂಡು ಹೋದೆ. ಚೀಲದಲ್ಲಿ ಆ ಪುಸ್ತಕವಿತ್ತು. ಅದರಲ್ಲಿ ಕೆಲಸ ಬಿಟ್ಟು ಸುಖವಾಗಿರುವ ಹೆಂಗಸೊಬ್ಬಳಿದ್ದಾಳಲ್ಲ, ಅವಳ ಕಥೆ ಹೇಳಿ ಚಿಕ್ಕವ್ವನನ್ನು ಒಪ್ಪಿಸೋಣ ಎಂಬ ಲೆಕ್ಕ ನನ್ನದು.

ಮಧ್ಯಾಹ್ನ ಉಂಡ ಮೇಲೆ ಚಿಕ್ಕವ್ವ ಜಗುಲಿಯ ಮೇಲೆ ಕೂತು ಹಸಿ ಕಡಲೆಕಾಯಿಯನ್ನು ಗಿಡದಿಂದ ಬಿಡಿಸುತ್ತಿದ್ದಳು. ನಾನೂ ಕೂತೆ. ತಮ್ಮ ಬಾಗಿಲಿಗೆ ಒರಗಿ ಫೋನ್ ನೋಡುತ್ತಿದ್ದ. ಕೊಟ್ಟಿಗೆಯಲ್ಲಿ ಕುರಿಗಳು ಕೂಗುತ್ತಿದ್ದವು. ನಾನು ಇಂಗ್ಲಿಷ್ ನೋಡಿಕೊಂಡು ನಮ್ಮ ಮಾತಿನಲ್ಲಿ ಕಥೆ ಹೇಳತೊಡಗಿದೆ.

"ಜಪಾನ್ಕಾರಂಗೆ ಕೊಡೆ ರಿಪೇರಿ ಮಾಡಿಸೋಕೆ ಟೈಮ್ ಐತಾ? ಒಸಾದು ತಗೊಳಲ್ವಾ?" ಎಂದ ತಮ್ಮ.

"ಸುಮ್ಕಿರ್ಲಾ" ಎಂದಳು ಚಿಕ್ಕವ್ವ. "ನೀನು ಏಳು ಮಗ. ಅವಳಿಗೆ ಗಂಡ ಇಲ್ವಾ?"

"ಇಲ್ಲ."

"ಒಳ್ಳೇದು. ಆಮೇಲೆ?"

"ಆಫೀಸು ಬಿಟ್ಟಳು. ಈಗ ಆರಾಮಾಗಿದ್ದಾಳೆ."

"ಎಲ್ ಆರಾಮಾಗವ್ಳೆ? ದಿನಾ ಕೊಡೆ ಒಲೀತಾ ಕೂತವ್ಳೆ ಅಂದ್ಯಲ್ಲ. ಈ ಕೆಲಸ ಬಿಟ್ಟು ಆ ಕೆಲಸ." ಸ್ವಲ್ಪ ಹೊತ್ತು ಕಡಲೆಕಾಯಿ ಬಿಡಿಸಿ, "ನನ್ ಕೊಡೆ ತಗೊಂಡೋಗಿ ಅವಳ್ ತಾವ ಕೊಡಾನ ಅಂದ್ರೆ ಒಂದು ಕಡ್ಡೀನೂ ಉಳೀಲಿಲ್ಲ" ಎಂದು ನಕ್ಕಳು. ಅವತ್ತಿನಿಂದ ಆ ಹಳಿಯ ವಿಷಯ ಅವಳು ಎತ್ತಿದ್ದು ಅದೇ ಮೊದಲು. ತಮ್ಮ ಫೋನಿನಿಂದ ತಲೆ ಎತ್ತಿ ನೋಡಿದ.

ನಾನು ಹೇಳುತ್ತ ಹೋದೆ. ಬೆಕ್ಕಿನ ಪುಟ ಬಂತು. ದೊಡ್ಡ ರಸ್ತೆ, ಆಚೆ ಮೀನಿನಂಗಡಿ, ಬೆಕ್ಕು ಅಂಚಿನಲ್ಲಿ ನಿಂತಿದೆ. ಅಲ್ಲಿಗೆ ನಿಲ್ಲಿಸಿದೆ.

"ಆಮೇಲೆ?"

"ನಾನು ಇಷ್ಟೇ ಓದಿರೋದು."

"ಬುಕ್ಕು ಅಷ್ಟು ದಪ್ಪ ಐತೆ!"

"ಮುಂದೆ ಓದೋಕಾಗ್ಲಿಲ್ಲ ಚಿಕ್ಕವ್ವ. ಹೆದರಿಕೆ ಆಯ್ತು."

ಅವಳು ನನ್ನನ್ನು ನೋಡಿದಳು. ಕೈಯಲ್ಲಿದ್ದ ಗಿಡವನ್ನು ಪಕ್ಕಕ್ಕೆ ಇಟ್ಟು, "ಇಲ್ ನಾನು ಕೂತಿವ್ನಿ. ತಿರುವಾಕು ಲೇ" ಎಂದಳು.

ಪುಟ ತಿರುಗಿಸಿದೆ. ಮೊದಲ ಸಾಲಿನಲ್ಲಿಯೇ ಬೆಕ್ಕು ಮೀನಿನಂಗಡಿಯಲ್ಲಿತ್ತು. ಅಂಗಡಿಯವನು ಅದಕ್ಕೆ ಒಂದು ತಲೆ ಹಾಕಿದ, ಅದು ತಿಂದಿತು. ಹೇಳಿದೆ.

"ಎಂಗ್ ದಾಟ್ತು?" ಎಂದಳು ಚಿಕ್ಕವ್ವ.

"ಅದು ಬರೆದಿಲ್ಲ."

"ಬರೆದಿಲ್ವಾ? ಸರಿಯಾಗಿ ನೋಡು."

ಹಿಂದಿನ ಪುಟ ನೋಡಿದೆ, ಮುಂದಿನದು ನೋಡಿದೆ. ಇಲ್ಲ. ಈ ಕಡೆ ಇತ್ತು, ಆ ಕಡೆ ಇದೆ.

"ಸೂಪು ಕುಡಿದದ್ದೆಲ್ಲ ಬರೆದವ್ಳೆ, ದಾಟಿದ್ದು ಬರೆದಿಲ್ವಾ? ಇದೆಂತಾ ಕತೆ ಲೇ. ಏಳ್ಬೇಕಾದ್ದು ಅದೊಂದೇ ಅಲ್ವಾ." ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು. ಮೇಷ್ಟ್ರ ಸಿಟ್ಟಿನ ಹಾಗಿರಲಿಲ್ಲ. ಬೆಕ್ಕು ದಾಟಿದೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಹೇಗೆಂದು ಬೇಕಿತ್ತು. ಆಮೇಲೆ ಅವಳು ಕಡಲೆಕಾಯಿ ಗಿಡ ಮತ್ತೆ ಎತ್ತಿಕೊಂಡು, ನನ್ನ ಕಡೆ ನೋಡದೆ, ಹೇಳತೊಡಗಿದಳು.

"ನೀನು ಕೂಗಿದ್ದು ಕೇಳ್ದೆ. ಇತ್ಲಾಗೆ ಬಾ ಅಂದೆ ನೀನು. ಬರಾನ ಅಂತಾನೇ ಇದ್ದೆ, ನೀನಿದ್ದ ಕಡೇನೇ ಅತ್ರ. ತಿರುಗಿ ನೋಡಿದ್ರೆ ನೀನು ಓಡ್ಬತ್ತಾ ಇದ್ದೀಯ, ಅಳಿ ಕಡೀಗೆ. ಕೈಲಿ ಅರಿಶಿನದ ಬಣ್ಣದ ಚೀಲ. ನಾನು ಇತ್ಲಾಗೆ ಬಂದ್ರೆ ನೀನೂ ಬಂದ್ಬುಡ್ತೀಯ ಅಂತ ಅತ್ಲಾಗೆ ಓಡ್ದೆ. ಗಾಡಿ ಬಂತು. ಕೆಳಗಿಂದ ನೋಡ್ದೆ. ನಿನ್ ಚೀಲ ಜಲ್ಲಿಕಲ್ ಮ್ಯಾಲೆ ಬಿದ್ದೈತೆ. ನೀನಿಲ್ಲ."

ಚೀಲ ನನ್ನ ಕೈಯಿಂದ ಬಿದ್ದಿತ್ತು, ಹೌದು. ನಾನು ಅದರಿಂದ ಹಿಂದೆ, ಇಳಿಜಾರಿನಲ್ಲಿ, ನೆಲಕ್ಕೆ ಕೂತುಬಿಟ್ಟಿದ್ದೆ.

"ಗಾಡಿ ಓಗೋಗಂಟ ಆ ಚೀಲ ನೋಡ್ತಾ ಕೂತಿದ್ದೆ" ಎಂದಳು.

ನಾನು ಅಷ್ಟು ದಿನ ತಲೆಯಲ್ಲಿ ಓಡಿಸುತ್ತಿದ್ದ ಗಾಡಿಯನ್ನು ಇನ್ನೊಂದು ಕಡೆಯಿಂದ ನೋಡುತ್ತಿದ್ದವಳು ಒಬ್ಬಳಿದ್ದಳು. ನಾನು ಅವಳಿಲ್ಲ ಎಂದುಕೊಂಡಿದ್ದ ಹೊತ್ತಿನಲ್ಲಿ ಅವಳು ನಾನಿಲ್ಲ ಎಂದುಕೊಂಡಿದ್ದಳು. ಹಳಿ ದಾಟಿ ಬಂದು ಉಂಡ್ಯಾ ಎಂದು ಕೇಳಿದ್ದಳು.

"ಅದಕ್ಕೇ ಕುರಿ ಆಚೆ ಬಿಡ್ತಾ ಇಲ್ವಾ?" ತಮ್ಮ ಕೇಳಿದ.

"ಅವಳು ಶನಿವಾರ ಬತ್ತಾಳೆ, ನಾನು ಆ ಒತ್ತಿಗೇ ದಾಟ್ತಿರ್ತೀನಿ. ಇನ್ನೊಂದ್ ದಪ ಓಡ್ಬಂದ್ರೆ? ಕೊಟ್ಬುಡಾನ ಅಂದ್ಕಂಡೆ. ಬೆಳಿಗ್ಗೆ ಎದ್ರೆ ಅವು ಕೂಗ್ತಾವೆ, ಬಾಯಿ ಬತ್ತಿಲ್ಲ ಊ ಅನ್ನಕ್ಕೆ."

ಕೊಟ್ಟುಬಿಡು ಎನ್ನಲು ಬಂದಿದ್ದ ನಾನು, "ನಾನು ಓಡಿ ಬರಲ್ಲ ಚಿಕ್ಕವ್ವ" ಎಂದೆ.

"ಬತ್ತೀಯ."

"ಬರಲ್ಲ."

"ನೀನು ಬೆಕ್ಕು ರಸ್ತೆ ದಾಟಾದ್ಕೇ ಬುಕ್ಕು ಮುಚ್ಚಿಕ್ಕಿರೋಳು. ಬತ್ತೀಯ."

ತಮ್ಮ ನಗತೊಡಗಿದ. ನನಗೂ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು.

ಆಮೇಲೆ ಆದದ್ದು ಬರೀ ವ್ಯವಹಾರದ ಮಾತು. ಮಳೆ ನಿಂತು ಸಬ್‌ವೇಯ ನೀರು ಇಳಿದಿದೆ, ಈಗ ಪಾದ ಮುಳುಗುವಷ್ಟು ಮಾತ್ರ ಎಂದ ತಮ್ಮ. ಕುರಿ ಅದಕ್ಕೂ ಹೆದರುತ್ತದೆ ಎಂದಳು ಚಿಕ್ಕವ್ವ. ಹಿಂದಿನಿಂದ ಒಬ್ಬರು ಬಂದರೆ ಹೋಗುತ್ತವೆ, ಹಿಂದೆ ಉಳಿಯುವುದೂ ಇಲ್ಲ, ತಿರುಗುವುದೂ ಇಲ್ಲ ಎಂದ ಅವನು. ಹಿಂದಿನಿಂದ ಅಟ್ಟುವುದು ನಮ್ಮ ಪದ್ಧತಿಯಲ್ಲ ಎಂದು ಅವಳು ಬಹಳ ಹೊತ್ತು ವಾದ ಮಾಡಿದಳು. ಕೊನೆಗೆ, "ಅಟ್ಟಬ್ಯಾಡ. ಸುಮ್ನೆ ಹಿಂದೆ ಬಾ" ಎಂದಳು. ಇನ್ನು ಮೇಲೆ ಹಳಿಯ ಮೇಲೆ ಕಾಲಿಡುವುದಿಲ್ಲ, ನೀರು ಹೆಚ್ಚಿದ ದಿನ ಕೊಟ್ಟಿಗೆಯಲ್ಲೇ ಸೊಪ್ಪು ಎಂದು ತಮ್ಮ ಅವಳಿಂದ ಮಾತು ತೆಗೆದುಕೊಂಡ. ಮಿಲ್ಲಿಗೆ ಹೋಗುವ ಮೊದಲು ವಾರದ ದಿನಗಳಲ್ಲಿ ಹಿಂದೆ ಬರುವವನು ತಾನು ಎಂದು ಗೊಣಗುತ್ತ ಒಪ್ಪಿಕೊಂಡ. ಶನಿವಾರ, ಭಾನುವಾರ ನಾನು. ವ್ಯಾಪಾರಿಗೆ ಫೋನ್ ಮಾಡಿ, "ಅಣ್ಣೇ, ಇಪ್ಪೋ ವೇಂಡಾಂ" ಎಂದ, ಈಗ ಬೇಡ ಎಂದು.

ಭಾನುವಾರ ಬೆಳಿಗ್ಗೆ ಹೊರಟೆವು. ಚಿಕ್ಕವ್ವ ಹೊಸ ಕೊಡೆ ಬಿಡಿಸಿದಳು. ತಮ್ಮ ತಂದದ್ದು, ಹೂವಿನ ಚಿತ್ರವಿರುವ ನೀಲಿ ಕೊಡೆ; ಕುರಿಗಳು ಅದನ್ನು ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು. ಸಬ್‌ವೇಯ ಬಾಯಿಗೆ ಬಂದು ನೀರು ಕಂಡು ಮಂದೆ ನಿಂತಿತು. ಅವಳು ಒಂದು ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ನೀರಿಗಿಳಿದಳು. ಮರಿ ಕೂಗಿತು, ಅದರ ತಾಯಿ ನೀರಿಗೆ ಕಾಲಿಟ್ಟಿತು, ಅದರ ಹಿಂದೆ ಇನ್ನೊಂದು. ನಾನು ಹಿಂದೆ ಸುಮ್ಮನೆ ನಿಂತಿದ್ದೆ. ಎಲ್ಲ ಇಳಿದ ಮೇಲೆ ನಾನೂ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ.

ನಡುವೆ ಇರುವಾಗ ಮೇಲೆ ಗಾಡಿ ಬಂತು. ಕಾಂಕ್ರೀಟು ನಡುಗಿತು. ನಾನು ಗೋಡೆ ಹಿಡಿದುಕೊಂಡು ನಿಂತೆ. ಕುರಿಗಳ ಬೆನ್ನು ಮುಂದೆ ಕಾಣುತ್ತಿತ್ತು, ಅವುಗಳಾಚೆ ಬೆಳಕಿನಲ್ಲಿ ನೀಲಿ ಕೊಡೆ. ಗಾಡಿ ಮುಗಿಯುವ ತನಕ ಕೊಡೆ ಅಲ್ಲೇ ನಿಂತಿತ್ತು, ತಿರುಗಲಿಲ್ಲ.

"ಎಲ್ಲಾ ಬಂದ್ವಾ ಲೇ?" ಎಂದು ಆ ಕಡೆಯಿಂದ ಕೂಗಿದಳು.

"ಬಂದ್ವು ಚಿಕ್ಕವ್ವ" ಎಂದೆ. "ನಾನೂ ಬಂದೆ."

ಸಂಜೆ ಗೆಳತಿಗೆ ಫೋನ್ ಮಾಡಿ ಬೆಕ್ಕು ದಾಟಿತು ಎಂದು ಹೇಳಿದೆ. "ಹೇಳಿರಲಿಲ್ವಾ" ಎಂದಳು. ಹೇಗೆ ದಾಟಿತು ಎಂದು ಬರೆದಿಲ್ಲ, ನಮ್ಮ ಚಿಕ್ಕವ್ವ ಸಿಟ್ಟಾಗಿದ್ದಾಳೆ ಎಂದೆ. ಗೆಳತಿ ಎದ್ದು ಹೋಗಿ ತನ್ನ ಪ್ರತಿ ತೆಗೆದು ನೋಡಿದಳು. ಪುಟ ತಿರುಗಿಸುವ ಸದ್ದು ಕೇಳುತ್ತಿತ್ತು. "ಹೌದಲ್ಲ, ಇಲ್ಲ" ಎಂದಳು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕರೆದರು, ಅವಳು ಫೋನ್ ಇಟ್ಟಳು. ಪುಸ್ತಕದ ಉಳಿದ ಭಾಗವನ್ನು ನಾನು ಚಿಕ್ಕವ್ವನ ಜಗುಲಿಯ ಮೇಲೆ ಶನಿವಾರಕ್ಕೆ ಒಂದು ಅಧ್ಯಾಯದಂತೆ ಓದುತ್ತಿದ್ದೇನೆ. ಬರುವುದು ಇನ್ನೂ ಧರ್ಮಪುರಿಯ ಮೇಲೆ, ಎರಡು ಬಸ್ಸಿನಲ್ಲಿ.